ಮಳೆಗಾಲದ ಸ್ಕ್ರ್ಯಾಬಲ್: ನಿಂಟೆಂಡೊ ಡಿಎಸ್‌ನಲ್ಲಿ ಪದಗಳ ಆಟ ಆಡುವ ಬಗೆ

ಕೊಡವರು ಕಕ್ಕಡವೆಂದೂ ಅರೆಭಾಷೆಯವರು ಆಟಿಯೆಂದೂ ಕರೆಯುವ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಡಿಕೇರಿಯ ಸುತ್ತಮುತ್ತಲಿನ ಮನೆಗಳಲ್ಲಿ ತೋಟದ ಕೆಲಸ ನಿಂತು, ಮರ ಬಿದ್ದು ಕರೆಂಟು ಹೋಗಿ, ಸಂಜೆ ನಾಲ್ಕಕ್ಕೇ ಕತ್ತಲಾಗುವ ದಿನಗಳು ಸಾಲಾಗಿ ಬರುತ್ತವೆ. ಅಂಥ ಸಂಜೆಗಳಲ್ಲಿ ನಮ್ಮ ಮನೆಯಲ್ಲಿ ಅಪ್ಪ, ನಾನು ಮತ್ತು ಮಗಳು ಒಂದು ಹಳೆಯ ನಿಂಟೆಂಡೊ ಡಿಎಸ್ ಲೈಟ್ ಎಂಬ, ಕೈಯಲ್ಲಿ ಹಿಡಿದು ಆಡುವ ಎರಡು ಪರದೆಯ ವಿಡಿಯೋ ಗೇಮ್ ಯಂತ್ರದಲ್ಲಿ ಸ್ಕ್ರ್ಯಾಬಲ್ ಆಡುತ್ತೇವೆ. ಬೆಲೆ ಗೊತ್ತುಮಾಡಿದ ಇಂಗ್ಲಿಷ್ ಅಕ್ಷರಗಳ ಬಿಲ್ಲೆಗಳನ್ನು ಒಬ್ಬೊಬ್ಬರು ಏಳೇಳು ಹಿಡಿದು, ಸರದಿಯಂತೆ ಮನೆಗಳಿರುವ ಹಾಸಿನ ಮೇಲೆ ಪದಗಳಾಗಿ ಜೋಡಿಸಿ ಅಂಕ ಗಳಿಸುವ ಆಟ ಇದು. ರಟ್ಟಿನ ಹಾಸು, ಬಿಲ್ಲೆಗಳ ಚೀಲ ಎಲ್ಲವೂ ನಮ್ಮಲ್ಲಿದ್ದರೂ ದೀಪವಿಲ್ಲದ ಕೋಣೆಯಲ್ಲಿ ಅವು ಉಪಯೋಗಕ್ಕೆ ಬರುವುದಿಲ್ಲ. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ತನ್ನದೇ ಬೆಳಕಿದೆ. ಇದನ್ನು ಹೊಸದಾಗಿ ಆಡಲು ಹೊರಟವರಿಗೆ ಯಂತ್ರವನ್ನು ಆರಿಸುವುದರಿಂದ ಹಿಡಿದು ಕೊನೆಯ ಬಿಲ್ಲೆ ಇಡುವವರೆಗೆ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಯಂತ್ರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಡಿಎಸ್ ಮಾರುಕಟ್ಟೆಗೆ ಬಂದದ್ದು 2004ರಲ್ಲಿ, ಡಿಎಸ್ ಲೈಟ್ ಬಂದದ್ದು 2006ರಲ್ಲಿ. ಇಂದು ಇವೆರಡೂ ಹಳೆಯ ಸಾಮಾನಾಗಿಯೇ ಸಿಗುತ್ತವೆ. ಡಿಎಸ್‌ನ ಕಾರ್ಟ್ರಿಜ್‌ಗಳು, ಅಂದರೆ ಆಟ ತುಂಬಿಟ್ಟು ಯಂತ್ರಕ್ಕೆ ಸಿಕ್ಕಿಸುವ ಪುಟ್ಟ ಕಾರ್ಡುಗಳು, ನಿಂಟೆಂಡೊದ್ದೇ ನಂತರದ 3ಡಿಎಸ್ ಯಂತ್ರದಲ್ಲಿಯೂ ನಡೆಯುತ್ತವೆ. ಸೋನಿಯ ಪಿಎಸ್‌ಪಿ ಎಂಬ ಕೈಯಂತ್ರಕ್ಕೂ ಸ್ಕ್ರ್ಯಾಬಲ್ ಬಂದಿತ್ತು ಮತ್ತು ಅದರ ಪರದೆ ಮೂಲೆಯಿಂದ ಮೂಲೆಗೆ 4.3 ಇಂಚು ಇದೆ, ಆದರೆ ಅದು ಸ್ಪರ್ಶಪರದೆಯಲ್ಲ. ಬಾಣದ ಗುಂಡಿಗಳಿಂದ ಒಂದೊಂದು ಬಿಲ್ಲೆಯನ್ನೂ ಮನೆಯಿಂದ ಮನೆಗೆ ನಡೆಸಬೇಕು. ಡಿಎಸ್‌ನ ಕೆಳಗಿನ ಪರದೆಯ ಮೇಲೆ ಸ್ಟೈಲಸ್ ಕಡ್ಡಿಯಿಂದ ಬಿಲ್ಲೆಯನ್ನು ಎಳೆದು ಇಡುವುದು ಕೈಯಿಂದ ಬಿಲ್ಲೆ ಇಟ್ಟಷ್ಟೇ ಸಹಜವಾಗಿರುವುದರಿಂದ, ವಯಸ್ಸಾದವರು ಆಡುವ ಮನೆಗೆ ನಾನು ಡಿಎಸ್ ಅನ್ನೇ ಹೇಳುತ್ತೇನೆ. ಯುಬಿಸಾಫ್ಟ್ ಸಂಸ್ಥೆ ಹೊರತಂದ ಕಾರ್ಟ್ರಿಜ್ ಸಿಕ್ಕರೆ ಸಾಕು.

ಕಾರ್ಟ್ರಿಜ್ ಒಳಗಿನ ಪದಪಟ್ಟಿಯ ಕುರಿತು ಮಾತ್ರ ಮೊದಲೇ ತಿಳಿದಿರಬೇಕು. ಉತ್ತರ ಅಮೆರಿಕದಲ್ಲಿ ಆಟದ ಹಕ್ಕು ಹ್ಯಾಸ್ಬ್ರೊ ಸಂಸ್ಥೆಯದು, ಉಳಿದ ಜಗತ್ತಿನಲ್ಲಿ ಮ್ಯಾಟೆಲ್ ಸಂಸ್ಥೆಯದು; ಅದರಂತೆ ಪದಪಟ್ಟಿಗಳೂ ಎರಡು. ಅಮೆರಿಕದ ಪಟ್ಟಿ ಚಿಕ್ಕದು, ಉಳಿದ ಕಡೆ ಬಳಸುವ, ಕಾಲಿನ್ಸ್ ನಿಘಂಟಿನವರ ಪಟ್ಟಿ ದೊಡ್ಡದು, ಮತ್ತು ಕಾಲಿನ್ಸ್‌ನ 2019ರ ಆವೃತ್ತಿಯಲ್ಲಿ 2 ಲಕ್ಷ 79 ಸಾವಿರಕ್ಕೂ ಹೆಚ್ಚು ಪದಗಳಿವೆ. ಹಳೆಯ ಕಾರ್ಟ್ರಿಜ್‌ನ ಪಟ್ಟಿಯಾದರೋ ಅದು ತಯಾರಾದ ವರ್ಷಕ್ಕೇ ನಿಂತುಬಿಟ್ಟಿದೆ. ಎಲ್ಲರ ಬಾಯಲ್ಲೂ ಇರುವ 'ಓಕೆ' ಎಂಬ ಎರಡಕ್ಷರದ ಪದ ಕಾಲಿನ್ಸ್ ಪಟ್ಟಿಗೆ ಸೇರಿದ್ದೇ 2019ರಲ್ಲಿ, ಆದ್ದರಿಂದ ಅದನ್ನು ಇಟ್ಟರೆ ಹಳೆಯ ಯಂತ್ರ ಒಪ್ಪುವುದಿಲ್ಲ. ಮೊದಲ ಸಲ ಇದು ನಡೆದಾಗ ಮಗಳು ಯಂತ್ರ ಕೆಟ್ಟಿದೆಯೆಂದೇ ವಾದಿಸಿದಳು. ಆಟ ಶುರುವಾಗುವ ಮೊದಲೇ ಎಲ್ಲರೂ ಕಾರ್ಟ್ರಿಜ್ ಹೇಳಿದ್ದೇ ಕೊನೆಯ ಮಾತೆಂದು ಒಪ್ಪಿಕೊಂಡರೆ ಜಗಳ ತಪ್ಪುತ್ತದೆ. ಊರು, ವ್ಯಕ್ತಿಗಳ ಹೆಸರುಗಳಂಥ ಅಂಕಿತನಾಮಗಳಿಗೆ ಯಾವ ಪಟ್ಟಿಯಲ್ಲಿಯೂ ಜಾಗವಿಲ್ಲ; ಕೂರ್ಗ್ ಎಂದು ಇಡಲು ನಮ್ಮ ಊರಿನ ಮಕ್ಕಳೆಲ್ಲರಿಗೂ ಆಸೆಯಾಗುತ್ತದೆ, ಆದರೆ ಅದು ನಡೆಯದು. ಅದಕ್ಕೆ ಬದಲಾಗಿ ರಾಜಾ, ರಾಣಿ, ಲಾಖ್, ಘೀ, ದಾಲ್, ರೋಟಿ, ಘಾಟ್ ಮುಂತಾದ ನಮ್ಮ ನೆಲದ ಪದಗಳು ಇಂಗ್ಲಿಷ್ ನಿಘಂಟಿಗೆ ಸೇರಿಹೋಗಿವೆ, ಮತ್ತು ಜೆ, ಕೆ, ಎಚ್‌ಗಳಂಥ ಬೆಲೆಬಾಳುವ ಬಿಲ್ಲೆಗಳನ್ನು ಇಳಿಸಲು ಇವು ಒದಗುತ್ತವೆ.

ಈಗ ಹಾಸಿನ ವಿಚಾರ. ಸ್ಕ್ರ್ಯಾಬಲ್ ಹಾಸಿನಲ್ಲಿ ಅಡ್ಡ 15, ಉದ್ದ 15, ಒಟ್ಟು 225 ಮನೆಗಳು. ಡಿಎಸ್‌ನ ಪರದೆ ಸುಮಾರು 3 ಇಂಚು. ಅದರ ಎತ್ತರದಲ್ಲಿ 192 ಚುಕ್ಕಿಗಳಷ್ಟೇ (ಪಿಕ್ಸೆಲ್) ಇರುವುದರಿಂದ ಪೂರ್ತಿ ಹಾಸನ್ನು ತೋರಿಸಿದಾಗ ಒಂದು ಮನೆಗೆ ಹನ್ನೆರಡು ಚುಕ್ಕಿಗಳಷ್ಟು ಜಾಗ ಸಿಗುತ್ತದೆ. ಅಳೆದು ನೋಡಿದರೆ ಮನೆ ಸುಮಾರು 3 ಮಿಲಿಮೀಟರ್, ಕಾಳುಮೆಣಸಿಗಿಂತ ಚಿಕ್ಕದು. ಹೀಗಾಗಿ ಎಲ್ಲರೂ ಹಾಸನ್ನು ಹಿಗ್ಗಿಸಿ ಆಡುತ್ತಾರೆ, ಹಿಗ್ಗಿಸಿದ ಕೂಡಲೇ ಹಾಸಿನ ಬಹುಭಾಗ ಕಣ್ಣಿನಿಂದ ಮರೆಯಾಗುತ್ತದೆ, ಮತ್ತು ಆಟಗಾರ ತನ್ನ ಏಳು ಬಿಲ್ಲೆಗಳನ್ನೇ ದಿಟ್ಟಿಸುತ್ತಾ ಕೂರುತ್ತಾನೆ. ಕೈಯಂತ್ರದಲ್ಲಿ ಸೋಲುವವರು ಸೋಲುವುದು ಬಹುಪಾಲು ಇಲ್ಲಿಯೇ. ನನ್ನ ಬಲವಾದ ಸಲಹೆಯೆಂದರೆ, ನಿಮ್ಮ ಸರದಿ ಬಂದಾಗ ಬಿಲ್ಲೆಗಳ ಕಡೆ ನೋಡುವ ಮೊದಲು ಪೂರ್ತಿ ಹಾಸನ್ನು ಒಮ್ಮೆ ನೋಡಿ, ಬಣ್ಣದ ಮನೆಗಳಲ್ಲಿ ಯಾವುದು ತೆರೆದಿದೆ ಎಂಬುದನ್ನು ಬಾಯಲ್ಲಿ ಹೇಳಿಕೊಳ್ಳಿ. ಕೆಂಪು ಮನೆ ಪದದ ಬೆಲೆಯನ್ನು ಮೂರು ಪಟ್ಟು ಮಾಡುತ್ತದೆ, ಗುಲಾಬಿ ಎರಡು ಪಟ್ಟು. ಕಡುನೀಲಿ ಅಕ್ಷರದ ಬೆಲೆಯನ್ನು ಮೂರು ಪಟ್ಟು ಮಾಡುತ್ತದೆ, ತಿಳಿನೀಲಿ ಎರಡು ಪಟ್ಟು. ಪರದೆಯ ಬೆಳಕನ್ನು ತಗ್ಗಿಸಿದಾಗ ಈ ಎರಡು ನೀಲಿಗಳು ಒಂದೇ ತರಹ ಕಾಣುತ್ತವೆ, ಆದ್ದರಿಂದ ಅವು ಎಲ್ಲಿವೆಯೆಂಬುದನ್ನು ರಟ್ಟಿನ ಹಾಸಿನ ಮೇಲೆ ಹಗಲಲ್ಲೇ ಕಲಿತುಕೊಳ್ಳುವುದು ಒಳ್ಳೆಯದು.

ಮನೆಗಳ ಬೆಲೆ ಎಷ್ಟೆಂಬುದನ್ನು ಒಂದು ಪದದಿಂದ ತೋರಿಸುತ್ತೇನೆ. ಮೊದಲ ಪದ ನಡುವಿನ ನಕ್ಷತ್ರದ ಮನೆಯನ್ನು ಮುಟ್ಟಲೇಬೇಕು, ಮತ್ತು ಆ ಮನೆ ಪದದ ಬೆಲೆಯನ್ನು ಎರಡು ಪಟ್ಟು ಮಾಡುತ್ತದೆ. ನಿಮ್ಮ ಕೈಗೆ 'ಕಾಫಿ' ಬಂದಿದೆಯೆನ್ನಿ: ಸಿ, ಓ, ಎಫ್, ಎಫ್, ಇ, ಇ. ಇಡೀ ಆಟದಲ್ಲಿ ಎಫ್ ಬಿಲ್ಲೆಗಳು ಎರಡೇ ಇರುವುದರಿಂದ ಇದು ಅಪರೂಪದ ಭಾಗ್ಯ. ಸಿ ಬೆಲೆ 3, ಎಫ್ ತಲಾ 4, ಉಳಿದವು ತಲಾ 1, ಒಟ್ಟು 14. ನಡುವಿನ ಸಾಲಿನಲ್ಲಿ ಎಡದಿಂದ ಐದನೆಯ ಮನೆಯಲ್ಲಿ ಶುರುಮಾಡಿದರೆ 14ರ ಎರಡು ಪಟ್ಟು, ಅಂದರೆ 28 ಅಂಕ ಬರುತ್ತದೆ. ಅದೇ ಪದವನ್ನು ಒಂದೇ ಮನೆ ಎಡಕ್ಕೆ ಸರಿಸಿ ನಾಲ್ಕನೆಯ ಮನೆಯಲ್ಲಿ ಶುರುಮಾಡಿದರೆ ಸಿ ಬಿಲ್ಲೆ ತಿಳಿನೀಲಿ ಮನೆಯ ಮೇಲೆ ಕೂತು 6 ಆಗುತ್ತದೆ, ಒಟ್ಟು 17, ಅದರ ಎರಡು ಪಟ್ಟು 34. ಇಲ್ಲಿ ಡಿಎಸ್ ರಟ್ಟಿನ ಹಾಸಿಗಿಂತ ಒಂದು ಕೈ ಮೇಲು: ಬಿಲ್ಲೆಗಳನ್ನು ಕಡ್ಡಿಯಿಂದ ಎಳೆದು ಇಟ್ಟು, ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಬೇರೆ ಬೇರೆ ಜಾಗಗಳಲ್ಲಿ ಕೂರಿಸಿ ನೋಡಬಹುದು. ಒಂದು ಪದ ಹೊಳೆದ ಕೂಡಲೇ ಒಪ್ಪಿಗೆ ಒತ್ತಬೇಡಿ; ಕನಿಷ್ಠ ಎರಡು ಜಾಗಗಳಲ್ಲಾದರೂ ಇಟ್ಟು ಲೆಕ್ಕ ಹಾಕಿ.

ಉದ್ದದ ಪದಗಳನ್ನು ಬಲ್ಲವರೇ ಗೆಲ್ಲುತ್ತಾರೆಂಬ ಎಣಿಕೆ ನಮ್ಮಲ್ಲಿ ಬಹಳ ಜನರಿಗಿದೆ, ಅದು ತಪ್ಪು. ಗೆಲ್ಲಿಸುವುದು ಎರಡಕ್ಷರದ ಪದಗಳು, ಏಕೆಂದರೆ ಈಗಾಗಲೇ ಇರುವ ಪದದ ಮಗ್ಗುಲಿಗೆ ಒತ್ತಾಗಿ ಇನ್ನೊಂದನ್ನು ಕೂರಿಸಲು ಅವು ದಾರಿ ಮಾಡಿಕೊಡುತ್ತವೆ. ಹಾಸಿನ ಮೇಲೆ ಅಡ್ಡಲಾಗಿ 'ರೇನ್' ಇದೆ: ಆರ್, ಎ, ಐ, ಎನ್. ಅದರ ಐ ಬಿಲ್ಲೆಯ ಕೆಳಗೆ ಟಿ, ಎನ್ ಬಿಲ್ಲೆಯ ಕೆಳಗೆ ಓ ಇಟ್ಟರೆ ಮೇಲಿನಿಂದ ಕೆಳಕ್ಕೆ 'ಇಟ್' ಮತ್ತು 'ನೋ', ಅಡ್ಡಲಾಗಿ 'ಟು', ಹೀಗೆ ಎರಡೇ ಬಿಲ್ಲೆಗಳಿಂದ ಮೂರು ಪದಗಳಾಗುತ್ತವೆ, ಮತ್ತು ಮೂರಕ್ಕೂ ಅಂಕ ಸಿಗುತ್ತದೆ. ಇದೇ ಉಪಾಯವನ್ನು 8 ಅಂಕದ ಎಕ್ಸ್ ಬಿಲ್ಲೆಯಲ್ಲಿ ಮಾಡಿ ನೋಡಿ. ಒಂದು ಕಡುನೀಲಿ ಮನೆಯ ಮೇಲ್ಗಡೆ ಎ ಇದೆ, ಎಡಗಡೆ ಓ ಇದೆ ಎನ್ನೋಣ. ಅಲ್ಲಿ ಎಕ್ಸ್ ಒಂದನ್ನೇ ಇಟ್ಟರೆ ಎತ್ತು ಎಂಬ ಅರ್ಥದ 'ಆಕ್ಸ್' ಅಡ್ಡಲಾಗಿ, ಕೊಡಲಿ ಎಂಬ ಅರ್ಥದ 'ಆ್ಯಕ್ಸ್' ಉದ್ದಕ್ಕೆ ಆಗುತ್ತದೆ. ಎಕ್ಸ್‌ನ 24 ಎರಡೂ ಪದಗಳಿಗೆ ಲೆಕ್ಕವಾಗುವುದರಿಂದ 25 ಮತ್ತು 25, ಒಟ್ಟು 50. ಏಳೂ ಬಿಲ್ಲೆಗಳನ್ನು ಒಟ್ಟಿಗೆ ಇಳಿಸಿದರೆ ಸಿಗುವ ಹೆಚ್ಚುವರಿ ಅಂಕವೂ 50ರಷ್ಟೇ! ಅಪ್ಪ ಮೊದಲ ಸಲ ಇದನ್ನು ಮಾಡಿದ ರಾತ್ರಿ ಮಗಳು ಯಂತ್ರವನ್ನು ಕಸಿದುಕೊಂಡು, "ಅಜ್ಜ, ಒಂದೇ ಬಿಲ್ಲೆ ಇಟ್ಟಿದ್ದೀರಿ, ಐವತ್ತು ಹೇಗೆ ಬಂತು?" ಎಂದು ಎರಡು ಸಲ ಕೂಡಿಸಿ ನೋಡಿದಳು.

ಎರಡಕ್ಷರದ ಪದಗಳು ನೂರಕ್ಕೆ ಸ್ವಲ್ಪ ಮೇಲ್ಪಟ್ಟು ಇವೆ. ಅವನ್ನು ಒಂದು ನೋಟ್‌ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟುಕೊಳ್ಳಿ. ನಮ್ಮ ಮಳೆಗಾಲದ ತೇವಕ್ಕೆ ಪೆನ್ನಿನ ಶಾಯಿ ಹರಡಿಕೊಳ್ಳುತ್ತದೆ. ಪಟ್ಟಿಯಲ್ಲಿ ಮೊದಲು ಕಲಿಯಬೇಕಾದದ್ದು ಕ್ಯೂ ಮತ್ತು ಐ ಸೇರಿದ ಪದ. ಅದು ಚೀನೀಯರು ಹೇಳುವ ಪ್ರಾಣಶಕ್ತಿಯ ಹೆಸರು, ಮತ್ತು ಯು ಬಿಲ್ಲೆಗಾಗಿ ಕಾಯದೆ ಕ್ಯೂವನ್ನು ಇಳಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಯಾವ ಬಿಲ್ಲೆ ಎಷ್ಟಿವೆ ಎಂಬುದರ ಹಿಂದೆ ಒಂದು ಲೆಕ್ಕವಿದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ಆಲ್‌ಫ್ರೆಡ್ ಮೋಷರ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟದಲ್ಲಿ ಅಕ್ಷರಗಳನ್ನು ಎಣಿಸಿ ಬಿಲ್ಲೆಗಳ ಸಂಖ್ಯೆಯನ್ನೂ ಬೆಲೆಯನ್ನೂ ಗೊತ್ತುಮಾಡಿದ. ಸ್ಕ್ರ್ಯಾಬಲ್ ಎಂಬ ಹೆಸರನ್ನು 1948ರಲ್ಲಿ ಕೊಟ್ಟವನು ಜೇಮ್ಸ್ ಬ್ರೂನೋ. ಒಟ್ಟು 100 ಬಿಲ್ಲೆಗಳಲ್ಲಿ ಇಂಗ್ಲಿಷಿನ ಐದು ಸ್ವರಗಳದು 42, ವ್ಯಂಜನಗಳದು 56, ಯಾವ ಅಕ್ಷರವಾಗಿಯೂ ಬಳಸಬಹುದಾದ ಖಾಲಿ ಬಿಲ್ಲೆಗಳು 2. ಇದರಿಂದ ಆಟಗಾರನಿಗೆ ಸಿಗುವ ಪಾಠವೆಂದರೆ, ಏಳರಲ್ಲಿ ಮೂರು ಸ್ವರ, ನಾಲ್ಕು ವ್ಯಂಜನ ಇರುವುದೇ ಸಮತೂಕದ ಕೈ. ಒಂದು ಪದ ಇಡುವಾಗ ಎಷ್ಟು ಅಂಕ ಬಂತೆಂಬುದರ ಜೊತೆಗೆ ಕೈಯಲ್ಲಿ ಏನು ಉಳಿಯಿತೆಂಬುದನ್ನೂ ನೋಡಬೇಕು. ಬಹುವಚನ ಮಾಡುವುದು ತೀರಾ ಸುಲಭವಾಗಬಾರದೆಂದು ಬಟ್ಸ್ ಎಸ್ ಬಿಲ್ಲೆಗಳನ್ನು ನಾಲ್ಕಕ್ಕೆ ನಿಲ್ಲಿಸಿದ. ಆದ್ದರಿಂದ ಒಂದೆರಡು ಅಂಕದ ಲಾಭಕ್ಕೆ ಎಸ್ ಅನ್ನು ಕಳೆಯುವುದು ದುಂದು. ಕನಿಷ್ಠ ಎಂಟು ಹತ್ತು ಅಂಕ ಹೆಚ್ಚಿಗೆ ತರುವುದಾದರೆ ಮಾತ್ರ ಅದನ್ನು ಬಿಡಿ. ಕೈ ತೀರಾ ಕೆಟ್ಟಿದ್ದರೆ ಬಿಲ್ಲೆಗಳನ್ನು ಬದಲಿಸಿಕೊಳ್ಳಲು ಸಂಕೋಚ ಬೇಡ. ಸರದಿ ಹೋಗುತ್ತದೆ ನಿಜ, ಆದರೆ ಐದು ಐ ಹಿಡಿದುಕೊಂಡು ನಾಲ್ಕು ಸರದಿ ಒದ್ದಾಡುವುದು ಅದಕ್ಕಿಂತ ದೊಡ್ಡ ನಷ್ಟ. ಚೀಲದಲ್ಲಿ ಕನಿಷ್ಠ 7 ಬಿಲ್ಲೆಗಳಿದ್ದಾಗ ಮಾತ್ರ ಬದಲಾವಣೆಗೆ ಅವಕಾಶ.

ಯಂತ್ರದ ಎದುರು ಆಡಬೇಕೇ, ಮನೆಯವರ ಎದುರೇ? ಕಲಿಯುವ ಮೊದಲ ವಾರ ಯಂತ್ರದ ಅತಿ ಕೆಳಗಿನ ಮಟ್ಟದಲ್ಲಿ ಆಡಿ, ಅದು ಇಟ್ಟ ಹೊಸ ಪದಗಳನ್ನು ನೋಟ್‌ಪುಸ್ತಕಕ್ಕೆ ಇಳಿಸಿಕೊಳ್ಳಿ. ಮೇಲಿನ ಮಟ್ಟದ ಯಂತ್ರಕ್ಕೆ ಪದಪಟ್ಟಿಯೆಲ್ಲ ಗೊತ್ತು; ಅದರೆದುರು ಇನ್ನೂರು ಅಂಕದಿಂದ ಸೋತು ಕಲಿಯುವುದೇನೂ ಇಲ್ಲ. ಆದರೆ ಈ ಯಂತ್ರದ ನಿಜವಾದ ಉಪಯೋಗ ಅದನ್ನು ಕೈಯಿಂದ ಕೈಗೆ ದಾಟಿಸಿ ಮನೆಮಂದಿಯೊಂದಿಗೆ ಆಡುವುದರಲ್ಲಿದೆ ಎಂದು ನಾನು ನಂಬಿದ್ದೇನೆ. ಆಗ ಅದು ಎದುರಾಳಿಯಾಗದೆ ಲೆಕ್ಕ ಬರೆಯುವವನೂ ಪಂಚಾಯಿತಿ ಮಾಡುವವನೂ ಆಗುತ್ತದೆ. ನಿಮ್ಮ ಸರದಿ ಮುಗಿದ ಮೇಲೆ ಯಂತ್ರವನ್ನು ಮುಖ ಕೆಳಗೆ ಮಾಡಿ ದಾಟಿಸಿ, ಒಬ್ಬರ ಬಿಲ್ಲೆಗಳು ಇನ್ನೊಬ್ಬರಿಗೆ ಕಾಣಬಾರದು. ರಟ್ಟಿನ ಹಾಸಿನಲ್ಲಿ ಅನುಮಾನದ ಪದ ಇಟ್ಟವರು, ಎದುರಾಳಿ ಪ್ರಶ್ನಿಸಿ ಆ ಪದ ತಪ್ಪೆಂದು ಗೊತ್ತಾದರೆ, ಸರದಿ ಕಳೆದುಕೊಳ್ಳುತ್ತಾರೆ. ಯಂತ್ರವಾದರೋ ಪಟ್ಟಿಯಲ್ಲಿ ಇಲ್ಲದ ಪದವನ್ನು ಸುಮ್ಮನೆ ಹಿಂದಿರುಗಿಸುತ್ತದೆ, ಹಾಗಾಗಿ ಸಿಕ್ಕ ಸಿಕ್ಕ ಅಕ್ಷರಗಳನ್ನು ಜೋಡಿಸಿ ಅದೃಷ್ಟ ನೋಡುವ ಚಟ ಹತ್ತುತ್ತದೆ. ನಮ್ಮ ಮನೆಯಲ್ಲಿ ಒಂದು ಸರದಿಗೆ ಮೂರೇ ಪ್ರಯತ್ನ, ನಾಲ್ಕನೆಯದಕ್ಕೆ ಸರದಿ ಬಿಡಬೇಕು ಎಂದು ಗೊತ್ತುಮಾಡಿಕೊಂಡ ಮೇಲೆ ಆಟಕ್ಕೆ ಮರಳಿ ಬಿಗಿ ಬಂತು. ಸುಳಿವು ಕೊಡುವ ಆಯ್ಕೆಯನ್ನು ನಾವು ಮಗಳಿಗೆ ಮಾತ್ರ, ಆಟಕ್ಕೆ ಎರಡು ಸಲ ಬಿಟ್ಟಿದ್ದೇವೆ.

ಯಂತ್ರದ ಆರೈಕೆಯನ್ನು ನಮ್ಮ ಜಿಲ್ಲೆಯವರು ಉದಾಸೀನ ಮಾಡುವಂತಿಲ್ಲ. ಚರ್ಮದ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಹವೆಯಲ್ಲಿ ಕಾರ್ಟ್ರಿಜ್‌ನ ಹಿತ್ತಾಳೆ ಬಣ್ಣದ ಪಟ್ಟಿಗಳೂ ಮಂಕಾಗುತ್ತವೆ. ಒಂದು ಜುಲೈಯಲ್ಲಿ ನಮ್ಮ ಯಂತ್ರ ಕಾರ್ಟ್ರಿಜ್ ಇಲ್ಲವೆಂದೇ ಹೇಳತೊಡಗಿತು. ಕಿವಿ ಒರೆಸುವ ಹತ್ತಿಕಡ್ಡಿಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಪಟ್ಟಿಗಳನ್ನು ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿದಾಗ ಸರಿಹೋಯಿತು. ಅಂದಿನಿಂದ ಯಂತ್ರ, ಕಾರ್ಟ್ರಿಜ್ ಎರಡನ್ನೂ ಬಿಗಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಯಲ್ಲಿ, ಹೊಸ ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುತ್ತೇವೆ. ಬೆಚ್ಚಗಿರುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಹೊಗೆಯ ಜಿಡ್ಡು ಗುಂಡಿಗಳ ಸಂದಿಗೆ ಇಳಿಯುತ್ತದೆ. ಬ್ಯಾಟರಿಯ ಮಟ್ಟಿಗೆ ಹೇಳುವುದಾದರೆ, ಡಿಎಸ್ ಲೈಟ್‌ನ ಬೆಳಕಿಗೆ ನಾಲ್ಕು ಹಂತಗಳಿವೆ. ಹೊಸ ಬ್ಯಾಟರಿ ಅತಿ ಕಡಿಮೆ ಬೆಳಕಿನಲ್ಲಿ 15ರಿಂದ 19 ಗಂಟೆ, ಅತಿ ಹೆಚ್ಚಿನಲ್ಲಿ 5ರಿಂದ 8 ಗಂಟೆ ಬರುತ್ತದೆಂಬುದು ತಯಾರಕರ ಲೆಕ್ಕ. ಕತ್ತಲೆ ಕೋಣೆಯಲ್ಲಿ ಕಡಿಮೆ ಬೆಳಕೇ ಕಣ್ಣಿಗೂ ಹಿತ. ಯೋಚಿಸಲು ಹೊತ್ತು ಬೇಕಾದಾಗ ಮುಚ್ಚಳ ಮಡಚಿದರೆ ಯಂತ್ರ ನಿದ್ದೆಗೆ ಹೋಗುತ್ತದೆ, ಆಟ ಹಾಗೆಯೇ ಇರುತ್ತದೆ. ಹಸಿರು ದೀಪ ಕೆಂಪಾದರೆ ಆ ಸರದಿ ಮುಗಿಸಿ ಆಟವನ್ನು ಉಳಿಸಿ ನಿಲ್ಲಿಸಿ. ಡಿಎಸ್ ಲೈಟ್‌ಗೆ ಹೊಂದುವ ಯುಎಸ್‌ಬಿ ತಂತಿಯೊಂದನ್ನು ತೆಗೆದಿಟ್ಟುಕೊಂಡರೆ ಮೊಬೈಲಿನ ಪವರ್ ಬ್ಯಾಂಕಿನಿಂದಲೇ ಚಾರ್ಜ್ ಮಾಡಬಹುದು.

ಆಟದ ಕೊನೆಯಲ್ಲಿ ಎಚ್ಚರ ಹೆಚ್ಚಬೇಕು. ಚೀಲ ಬರಿದಾದ ಮೇಲೆ ಯಾರು ಮೊದಲು ತಮ್ಮ ಬಿಲ್ಲೆಗಳನ್ನೆಲ್ಲ ಇಳಿಸುತ್ತಾರೋ ಅವರಿಗೆ ಉಳಿದವರ ಕೈಯಲ್ಲಿರುವ ಬಿಲ್ಲೆಗಳ ಬೆಲೆ ಸೇರುತ್ತದೆ, ಉಳಿದವರಿಗೆ ಅಷ್ಟು ಕಳೆಯುತ್ತದೆ. ಹಾಸಿನ ಮೇಲೆ ಕ್ಯೂ, ಝಡ್, ಎಕ್ಸ್, ಜೆ ಇವುಗಳಲ್ಲಿ ಯಾವುದು ಇನ್ನೂ ಕಂಡಿಲ್ಲವೆಂದು ನೋಡಿದರೆ ಎದುರಾಳಿಯ ಕೈಯಲ್ಲಿ ಏನಿರಬಹುದೆಂಬುದು ತಿಳಿಯುತ್ತದೆ, ಮತ್ತು ಅವರಿಗೆ ಒದಗಬಹುದಾದ ಒಂದು ಜಾಗವನ್ನು ಸಣ್ಣ ಪದದಿಂದಲೇ ಮುಚ್ಚಬಹುದು. ಕಳೆದ ಕಕ್ಕಡದಲ್ಲಿ ಅಪ್ಪ ನನಗಿಂತ 13 ಅಂಕ ಹಿಂದಿದ್ದರು, ನನ್ನ ಕೈಯಲ್ಲಿ ಕ್ಯೂ ಒಂದೇ ಉಳಿದಿತ್ತು, ಮತ್ತು ಹಾಸಿನಲ್ಲಿ ಅದನ್ನು ಇಡಲು ತೆರೆದಿದ್ದದ್ದು ಒಂದೇ ಒಂದು ಐ. ಅವರು ತಮ್ಮ ಕೊನೆಯ ಎರಡು ಬಿಲ್ಲೆಗಳನ್ನು ಆ ಐ ಪಕ್ಕದಲ್ಲಿಯೇ ಇಟ್ಟು 4 ಅಂಕ ಗಳಿಸಿದರು. ನನ್ನಿಂದ 10 ಕಳೆದು ಅವರಿಗೆ 10 ಸೇರಿ, ಯಂತ್ರ ಅವರು 11 ಅಂಕಗಳಿಂದ ಗೆದ್ದರೆಂದು ತೋರಿಸಿತು.