ಹಳೆಯ ಹಾಡಿಗೆ ಒಂದು ಗುಂಡಿ

ಗಂಗೂಬಾಯಿ ಹಾನಗಲ್ಲರ ಹಳೆಯ ಹಾಡನ್ನು ಹೋಮ್ ಥಿಯೇಟರಿನಲ್ಲಿ, ಸಿನಿಮಾದ ಹೊಡೆದಾಟಕ್ಕೆ ಹೊಂದಿಸಿದ ಧ್ವನಿಯ ಮೋಡಿನಲ್ಲಿಯೇ ಹಚ್ಚುವವರನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ. ರಜೆಗೆ ಧಾರವಾಡಕ್ಕೆ ಬಂದ ಮೊಮ್ಮಗ ಅದನ್ನೇ ಮಾಡಿದ. ಬೆನ್ನ ಹಿಂದಿನ ಸ್ಪೀಕರುಗಳಿಂದ ಎಲ್ಲಿಯೂ ಇಲ್ಲದ ಮೊಳಗು. ತಂಬೂರಿಯನ್ನು ನೀರಿನ ಟಾಕಿಯೊಳಗೆ ಕುಳಿತು ಮೀಟಿದಂತೆ. ಕೇಳಿದರೆ, "ಅಜ್ಜಿ, ಸ್ಟೀರಿಯೊಗೆ, ಅಂದರೆ ಮುಂದಿನ ಎರಡೇ ಸ್ಪೀಕರಿಗೆ, ಬರಲು ರಿಮೋಟಿನ ಮೋಡ್ ಗುಂಡಿಯನ್ನು ಏಳು ಸಲ ಒತ್ತಬೇಕು" ಎಂದ. ಆ ಹಾಡುಗಳು ಬಂದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗಳಲ್ಲಿ; ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಹಾಡುವ ಮೊನೊ, ಅಂದರೆ ಒಂದೇ ಧ್ವನಿಪಥದ, ಮುದ್ರಣಗಳು. ಮುಂದಿನ ಎರಡು ಸ್ಪೀಕರು ಸಾಕು, ಉಳಿದವು ಸುಮ್ಮನಿರಬೇಕು. ಅದಕ್ಕೆಂದೇ ರಿಮೋಟಿನ ಒಂದು ಗುಂಡಿಯನ್ನು ಮೀಸಲಿಡಿ.

ಇನ್ನೊಂದು ರಿಮೋಟಿನಿಂದ ಸಂಕೇತ ಕಲಿಯುವ ರಿಮೋಟು ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಕಲಿಕೆಯ ಸ್ಥಿತಿಗೆ ತರುವುದು ಹೇಗೆಂದು ಜೊತೆಗಿನ ಕೈಪಿಡಿಯಲ್ಲಿದೆ, ಓದಿಕೊಳ್ಳಿ. ಒತ್ತಿದಂತೆಲ್ಲ ಮೋಡ್ ಬದಲಿಸುವ ಗುಂಡಿಯನ್ನು ಕಲಿಸಬೇಡಿ, ಏಳು ಸಲದ ಕಾಟ ಹಾಗೆಯೇ ಉಳಿಯುತ್ತದೆ. ನೇರವಾಗಿ ಸ್ಟೀರಿಯೊಗೆ ಹೋಗುವ ಗುಂಡಿ ಮೂಲ ರಿಮೋಟಿನಲ್ಲಿದ್ದರೆ ಅದನ್ನೇ ಕಲಿಸಿ.

ಹುಡುಗರು ಕೆಡಿಸುವುದು ಕಲಿಸುವಾಗ. ಎರಡನ್ನೂ ಕೈಯಲ್ಲಿ ಹಿಡಿದು, ಮಾತಾಡುತ್ತ, ಕಿಟಕಿಯ ಬಿಸಿಲಿನಲ್ಲಿ ಒತ್ತುತ್ತಾರೆ. ರಿಮೋಟಿನ ಬೆಳಕು ಕಣ್ಣಿಗೆ ಕಾಣದು, ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗುತ್ತದೆ; ಬಿಸಿಲು ಬಿದ್ದರೆ ಆ ಸಂಕೇತ ಕಲಸಿಹೋಗುತ್ತದೆ. ಪರದೆ ಎಳೆಯಿರಿ, ದೀಪ ಆರಿಸಿ. ಎರಡಕ್ಕೂ ಹೊಸ ಸೆಲ್ ಹಾಕಿ. ಮೇಜಿನ ಮೇಲೆ ಮೂತಿಗೆ ಮೂತಿ ಎದುರಾಗುವಂತೆ ಮಲಗಿಸಿ, ನಡುವೆ ಎರಡು ಬೆರಳಿನಷ್ಟು ಜಾಗ ಬಿಡಿ. ಇನ್ನು ನನ್ನ ಮುಖ್ಯ ಉಪಾಯ. ತೆಳ್ಳಗಿನ ರಿಮೋಟಿನ ಕೆಳಗೆ ಹಳೆಯ ಧೋತರದ ತುಂಡನ್ನು ಮಡಿಸಿಡಿ. ಒಂದು ಮಡಿಕೆ ಸಾಲದಿದ್ದರೆ ಇನ್ನೊಂದು, ಎರಡರ ಮೂತಿಯೂ ಒಂದೇ ಎತ್ತರಕ್ಕೆ ಬರುವವರೆಗೆ. ಬಗ್ಗಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡಿ. ನಿಂತು ಅಂದಾಜು ಮಾಡಿದರೆ ತಪ್ಪುತ್ತದೆ. ಟವೆಲ್ ಬೇಡ, ಒತ್ತಿದಾಗ ಕುಸಿಯುತ್ತದೆ. ಮೊದಲು ಹೊಸ ರಿಮೋಟು ಕಲಿಯಲು ಸಿದ್ಧವಾಗಲಿ, ಆಮೇಲೆಯೇ ಮೂಲದ ಗುಂಡಿಯನ್ನು ಒತ್ತಿ. ಎಷ್ಟೋ ರಿಮೋಟುಗಳು ಒತ್ತಿದ ಕ್ಷಣ ಪೂರ್ತಿ ಸಂಕೇತವನ್ನು ಒಮ್ಮೆ ಕಳುಹಿಸಿ, ಒತ್ತಿಯೇ ಹಿಡಿದರೆ "ಅದೇ, ಅದೇ" ಎಂಬ ತುಣುಕನ್ನಷ್ಟೇ ಕಳುಹಿಸುತ್ತವೆ. ಮೊದಲೇ ಒತ್ತಿ ಹಿಡಿದುಕೊಂಡಿದ್ದರೆ ಹೊಸದು ಕಲಿಯುವುದು ಆ ತುಣುಕನ್ನು! ನನ್ನ ಅಳಿಯ ಒಂದು ಸಂಜೆ ಪೂರ್ತಿ ಹೀಗೆ ಕಳೆದ.

ಮೂಲ ರಿಮೋಟಿನ ಮೇಲೆಯೇ ಅನುಮಾನವಿದ್ದರೆ ಮೊಬೈಲಿನ ಮುಂಬದಿಯ ಕ್ಯಾಮೆರಾಕ್ಕೆ ಅದರ ಮೂತಿ ತೋರಿಸಿ ಒತ್ತಿ. ಸಾಮಾನ್ಯವಾಗಿ ತಿಳಿ ನೇರಳೆ ಬೆಳಕು ಕಾಣುತ್ತದೆ. ಕಂಡರೂ ಒಂದೇ ಗುಂಡಿ ಕೆಲಸ ಮಾಡದಿದ್ದರೆ ಶೇಂಗಾ ಚಟ್ನಿಯ ಎಣ್ಣೆ ಒಳಗೆ ಇಳಿದಿರಬಹುದು. ರೊಟ್ಟಿ ತಿಂದ ಕೈಯಲ್ಲಿ ರಿಮೋಟು ಹಿಡಿಯಬೇಡಿ ಎಂದು ಎಷ್ಟು ಸಲ ಹೇಳಲಿ?

ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾಯಿತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಮಾವನವರ ವಾಲ್ವ್ ರೇಡಿಯೊದ ಗಾಜಿನ ಮೇಲೆ, ಆ ಕೇಂದ್ರ ಸಿಗುವ ಜಾಗದಲ್ಲಿ, ಕುಂಕುಮದ ಚುಕ್ಕೆಯಿತ್ತು. ಮುಳ್ಳು ಚುಕ್ಕೆಗೆ ಬಂದರೆ ಮುಗಿಯಿತು, ಬೆಳಗಿನ ಗಾಯನಕ್ಕೆ ಯಾರೂ ತಡಕಾಡುತ್ತಿರಲಿಲ್ಲ. ಹಾಗೆಯೇ ನಾನು ಹೊಸ ಗುಂಡಿಯ ಮೇಲೆ ಉಗುರುಬಣ್ಣದ ಒಂದು ಹನಿ ಇಡುತ್ತೇನೆ. ಒಣಗಿದ ಮೇಲೆ ಇನ್ನೊಂದು ಹನಿ, ಕತ್ತಲಲ್ಲಿ ಬೆರಳಿಗೆ ಉಬ್ಬು ಸಿಗಬೇಕು. ಗುಂಡಿಯ ಅಂಚಿಗೆ ಹರಿಯಲು ಬಿಡಬೇಡಿ, ಅಂಟಿಕೊಳ್ಳುತ್ತದೆ.

ಎಲ್ಲವೂ ಸರಿಯಾಯಿತೆಂದು ಮೂಲ ರಿಮೋಟನ್ನು ಎಸೆಯಬೇಡಿ. ಅದರ ಸೆಲ್ ತೆಗೆದು, ಬೇರೆ ಇಡಿ. ಒಳಗೇ ಬಿಟ್ಟರೆ ಸೋರಿ ತಗಡನ್ನು ತಿನ್ನುತ್ತದೆ.