ಭತ್ತದ ಗಿಡಕ್ಕೆ ಕಷ್ಟ ಬಂದಾಗ ಏನು ಮಾಡಬೇಕು?

ಮಧ್ಯಾಹ್ನ ಎಲೆ ಸುರುಳಿ ಸುತ್ತಿಕೊಂಡಿದ್ದರೆ ಗಾಬರಿ ಬೇಡ. ಅದು ಗಿಡದ ಉಪಾಯ ಅಷ್ಟೇ. ಎಲೆಯ ಮೇಲ್ಮೈಯಲ್ಲಿರುವ ದೊಡ್ಡ ಕೋಶಗಳು ನೀರು ಕಳೆದುಕೊಂಡು ಕುಗ್ಗುತ್ತವೆ, ಎಲೆ ಮಡಚಿಕೊಳ್ಳುತ್ತದೆ, ಬಿಸಿಲಿಗೆ ಸಿಗುವ ಜಾಗ ಕಡಿಮೆಯಾಗಿ ತೇವ ಉಳಿಯುತ್ತದೆ. ಮರುದಿನ ಬೆಳಗ್ಗೆಯೂ ಸುರುಳಿ ಬಿಚ್ಚಿಲ್ಲ ಅಂದ್ರೆ ತಡಮಾಡದೆ ನೀರು ಕೊಡಿ.

ಹಾಗಂತ ಸುಮ್ನೆ ಗದ್ದೆಯಲ್ಲಿ ಸದಾ ನೀರು ನಿಂತಿರಬೇಕಿಲ್ಲ. ಮಣ್ಣೊಳಗಿನ ನೀರಿನ ಮಟ್ಟ ನೋಡೋಕೆ 30 ಸೆಂ.ಮೀ. ಉದ್ದದ ಪೈಪಿನ ಕೆಳಭಾಗಕ್ಕೆ ತೂತು ಕೊರೆದು, ಆ ಭಾಗವನ್ನು ಮಣ್ಣಲ್ಲಿ ಹೂತು, ಒಳಗಿನ ಕೆಸರು ತೆಗೆಯಿರಿ. ಒಳಗೆ ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ಹಾಯಿಸಿ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಈ ಆಟ ಬೇಡ, ನೀರು ನಿಂತೇ ಇರಲಿ. ಆಗ ಬಿಸಿ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ತೆನೆ ನೋಡೋಕೆ ಚೆನ್ನಾಗಿರುತ್ತದೆ, ಹಿಸುಕಿದರೆ ಒಳಗೆ ಏನೂ ಇಲ್ಲ!

ನೆರೆಯದ್ದು ಬೇರೆ ಕಥೆ. ಮುಳುಗಿದ ಸಾಮಾನ್ಯ ತಳಿ ಉಸಿರಿಗಾಗಿ ಸರಸರ ಉದ್ದ ಬೆಳೆದು ಇದ್ದ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಮುಳುಗಡೆ ತಾಳುವ ಗುಣ ಕೊಡುವ ಸಬ್1 ಜೀನ್ ಇರುವ ತಳಿ ಬೆಳೆಯೋದನ್ನೇ ನಿಲ್ಲಿಸಿ ಸುಮಾರು ಎರಡು ವಾರ ತಾಳಿಕೊಳ್ಳುತ್ತದೆ, ಜಾಣ ಅಲ್ವಾ? ತಗ್ಗು ಗದ್ದೆಗೆ ಅದನ್ನೇ ಆರಿಸಿ. ನೀರು ಇಳಿದ ತಕ್ಷಣ ಯೂರಿಯಾ ಎರಚಬೇಡಿ, ಹೊಸ ಎಲೆ ಬರಲಿ.

ಉಪ್ಪು ಮಣ್ಣಾದರೆ ಎಳೆ ಸಸಿಯೇ ಜಾಸ್ತಿ ಸಾಯುತ್ತದೆ. ಸ್ವಲ್ಪ ಬಲಿತ ಸಸಿ ನೆಡಿ, ಅದಕ್ಕೂ ಮೊದಲು ಸಿಹಿನೀರು ತುಂಬಿಸಿ ಹೊರಗೆ ಬಸಿಯಿರಿ.