ಒಳ್ಳೆಮೆಣಸಿನ ಗಿಡಕ್ಕೆ ವ್ಯಾಮ್ ಹಾಕುವವರು ಗಮನಿಸಿ

ಬದಿಯಡ್ಕ, ಪೆರ್ಲ ಕಡೆಯವರು ಈಗ ಒಳ್ಳೆಮೆಣಸಿನ ಬಳ್ಳಿ ತುಂಡು ಮಾಡಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕುತ್ತಿದ್ದೀರಿ ಅಲ್ವಾ? ವ್ಯಾಮ್ ಪುಡಿ (ಬೇರಿಗೆ ಸೇರಿಕೊಂಡು ಗಿಡಕ್ಕೆ ನೆರವಾಗುವ ಶಿಲೀಂಧ್ರದ ಪುಡಿ) ತಂದವರು ಅದನ್ನು ಮಣ್ಣಿನ ಮೇಲೆ ಸುಮ್ನೆ ಉದುರಿಸಬೇಡಿ. ಈ ಶಿಲೀಂಧ್ರ ಜೀವಂತ ಬೇರಿನ ಒಳಗೆ ಸೇರಿಕೊಂಡರೆ ಮಾತ್ರ ಬೆಳೆಯುತ್ತದೆ. ಬೇರು ಬರುವ ಜಾಗದಲ್ಲೇ, ತುಂಡು ಊರುವ ಗುಳಿಗೆ ಹಾಕಿ.

ನಮ್ಮ ಮುರ (ಜಂಬಿಟ್ಟಿಗೆ) ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಹಾಕಿದ ರಂಜಕವನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಈ ಶಿಲೀಂಧ್ರದ ಎಳೆಗಳು ಬೇರು ತಲುಪದ ಕಡೆಗೂ ಹೋಗಿ ರಂಜಕ ತರುತ್ತವೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತವೆ. ಡಿಎಪಿ, ಸೂಪರ್ ಫಾಸ್ಫೇಟ್‌ನಂಥ ರಂಜಕದ ಗೊಬ್ಬರ ಧಾರಾಳ ಸುರಿದರೆ ಗಿಡಕ್ಕೆ ಇವುಗಳ ಹಂಗೇ ಬೇಡ, ಬೇರಿಗೆ ಸೇರಿಸಿಕೊಳ್ಳುವುದೇ ಕಡಿಮೆ. ನಾನು ಮೊದಲ ವರ್ಷ ಗೊಬ್ಬರ, ವ್ಯಾಮ್ ಎರಡನ್ನೂ ಒಟ್ಟಿಗೆ ಹಾಕಿ ಪುಡಿಯ ದುಡ್ಡು ನೀರಿಗೆ ಹಾಕಿದೆ.

ಬಿಸಿಲಿಗೆ ಪ್ಲಾಸ್ಟಿಕ್ ಹೊದಿಸಿ ಕಾಯಿಸಿದ ಮಣ್ಣಾದರೆ ವ್ಯಾಮ್ ಹಾಕುವುದು ಒಳ್ಳೆಯದು. ಆ ಬಿಸಿಗೆ ರೋಗದ ಶಿಲೀಂಧ್ರಗಳ ಜೊತೆ ಒಳ್ಳೆಯವೂ ಕೆಲವು ಸಾಯಬಹುದು. ಟ್ರೈಕೋಡರ್ಮಾ ಬೇರೆಯೇ, ಅದು ರೋಗದ ಶಿಲೀಂಧ್ರವನ್ನು ಹತ್ತಿಕ್ಕುವುದು. ಎರಡನ್ನೂ ಕೊಡಬಹುದು. ಆದರೆ ಶಿಲೀಂಧ್ರ ಕೊಲ್ಲುವ ಮೈಲುತುತ್ತಿನ ದ್ರಾವಣ ಅದೇ ವಾರ ಬುಡಕ್ಕೆ ಹೊಯ್ಯಬೇಡಿ.

ಪ್ರತಿ ವರ್ಷ ಕೊಳ್ಳಬೇಕಿಲ್ಲ. ಕಾಯಿಸಿದ ಮಣ್ಣಿಗೆ ಸ್ವಲ್ಪ ಪುಡಿ ಸೇರಿಸಿ ಜೋಳ ಅಥವಾ ರಾಗಿ ಬಿತ್ತಿ. ಎರಡು ಮೂರು ತಿಂಗಳ ಮೇಲೆ ನೀರು ನಿಲ್ಲಿಸಿ, ಗಿಡ ಒಣಗಿದ ನಂತರ ಬೇರು ಕೊಚ್ಚಿ ಅದೇ ಮಣ್ಣಿಗೆ ಬೆರೆಸಿ. ಅದೇ ಮುಂದಿನ ಸಲದ ವ್ಯಾಮ್. ಸಾಸಿವೆ ಮಾತ್ರ ಬಿತ್ತಬೇಡಿ, ಅದರ ಬೇರಿಗೆ ಇದು ಸೇರುವುದಿಲ್ಲ.